ಬೆಳ್ಳಿ ಬಣ್ಣದ ಹೆಡ್ಡು

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಗೇಟಿಗೆ ಇವತ್ತು ಸಿಲ್ವರ್ ಪೇಂಟ್ ಹೊಡೆಯುತ್ತಿದ್ದಾರೆ. ಆ ವಾಸನೆ ತಡೆಯಲಾಗದೆ ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದೇನೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನಾವು ಪಟಾನ್‌ಚೆರುವಿನಲ್ಲಿದ್ದೆವು. ಅಪ್ಪನ ಹಳೇ ಡೀಸೆಲ್ ಜೀಪಿನ ಇಂಜಿನ್ ಹೆಡ್ಡು, ಅಂದರೆ ಇಂಜಿನ್ನಿನ ಮೇಲಿನ ಲೋಹದ ಮುಚ್ಚಳ, ಬಿರುಕು ಬಿಟ್ಟು, ಹಾಕಿದ ನೀರನ್ನೆಲ್ಲ ಕುಡಿದುಬಿಡುತ್ತಿತ್ತು. ದಿನಾ ಹಳದಿ ಕ್ಯಾನಿನಿಂದ ರೇಡಿಯೇಟರಿಗೆ ನೀರು ಸುರಿಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಪ್ಪ ಬಾನೆಟ್ ಎತ್ತಿ ತೋರಿಸಿದ. ಹೆಡ್ಡು ಫಳಫಳ ಹೊಳೆಯುತ್ತಿತ್ತು.

"ಹೊಸಾದು ಹಾಕಿಸೀನವ್ವ. ಇನ್ನ ನಿನಗ ನೀರಿನ ಕಾಟ ಇಲ್ಲ."

ನಾನು ಕುಣಿದಾಡಿಬಿಟ್ಟೆ.

ಸ್ವಲ್ಪ ಹೊತ್ತಿಗೆ ನಮ್ಮೂರಿನವರೇ ಆದ ಶರಣಪ್ಪ ಕಾಕಾ ಜೀಪು ಕೊಳ್ಳಲು ಬಂದರು. ಹೆಡ್ಡು ಬದಲಿಸಿದ ಮೆಕ್ಯಾನಿಕ್ ಹಳೆಯದನ್ನು ಗಾಡಿಯವನ ಕೈಗೇ ಕೊಡುವುದು ರೂಢಿ. ಅದನ್ನೇ ಕೇಳಿದರು: "ಹಳೇದು ಎಲ್ಲೈತಿ?"

"ಗುಜರಿಗೆ ಹಾಕೀನಿ" ಎಂದ ಅಪ್ಪ.

ಕಾಕಾ ನನ್ನ ಕಡೆ ತಿರುಗಿದರು. "ನೀ ಹೇಳು ತಂಗಿ, ಖರೇನ ಹೊಸಾದೇನು?"

"ಖರೇನ ಕಾಕಾ. ನಾನೇ ನೋಡೀನಿ."

"ಸಾಕು ಬಿಡು. ಕೂಸು ಸುಳ್ಳು ಹೇಳಂಗಿಲ್ಲ" ಎಂದು ನಕ್ಕು, ಜೀಪು ತಗೊಂಡು ಹೋದರು.

ಊಟಕ್ಕೆ ಮುಂಚೆ ಅಪ್ಪನ ಕೈಗೆ ಅದೇ ಕ್ಯಾನಿನಿಂದ ನೀರು ಹಾಕಿದೆ. ಉಗುರಿನ ಸಂದಿಯಲ್ಲಿದ್ದ ಬೆಳ್ಳಿ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ. "ಊಟಕ್ಕ ನಡಿ" ಎಂದ, ನನ್ನ ಮುಖ ನೋಡದೆ.

ಮೂರನೇ ದಿನ ಕಾಕಾ ನಡೆದುಕೊಂಡು ಬಂದರು. ಅಪ್ಪನನ್ನು ಮಾತಾಡಿಸಲೇ ಇಲ್ಲ. ನೇರ ನನ್ನ ಹತ್ತಿರ ಬಂದು ಕೈ ಚಾಚಿದರು.

"ಆ ನೀರಿನ ಕ್ಯಾನು ಕೊಡು ತಂಗಿ. ಇನ್ನ ಅದು ನನಗ ಬೇಕಾಗತೈತಿ."