ತೆರೆಗೆ ಅಡ್ಡ

ಸಮುದ್ರ ಹಿಂದೆ ಸರಿದು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಬಂದರಿದ್ದ ಜಾಗದಲ್ಲೀಗ ಬಸ್ಸುಗಳು ಓಡುತ್ತಿದ್ದವು; ಮೀನಿಗೆ ಐಸ್ ಮಾಡುತ್ತಿದ್ದ ಹಳೇ ಶೆಡ್ಡಿನಲ್ಲಿ ತೈಲವರ್ಣದ ತರಗತಿ ನಡೆಯುತ್ತಿತ್ತು. ಕಲಿಯಲು ಬರುವ ಹದಿನಾಲ್ಕು ಜನರಲ್ಲಿ ತೆರೆಯನ್ನು ಕಣ್ಣಾರೆ ಕಂಡವಳು ಮಾದೇವಿ ಒಬ್ಬಳೇ. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಈ ತಿಂಗಳ ಪಾಠ, ಹದಿನೇಳನೇ ಶತಮಾನದ ಯುರೋಪಿನ, ಬರೋಕ್ ಕಾಲದ ಸಮುದ್ರಚಿತ್ರವೊಂದರ ನಕಲು: ಕಪ್ಪು ಮೋಡ, ಬೆಟ್ಟದಂಥ ತೆರೆ, ಅದರ ಬುಡದಲ್ಲಿ ಒಬ್ಬನೇ ಮನುಷ್ಯನಿರುವ ಪುಟ್ಟ ದೋಣಿ. ಮಾದೇವಿ ಎಲ್ಲವನ್ನೂ ಇದ್ದಂತೆಯೇ ಬರೆದಿದ್ದಳು, ದೋಣಿಯ ದಿಕ್ಕೊಂದನ್ನು ಬಿಟ್ಟು.

ಕಲಿಸುವ ಇಂಚರಾ ಸಮುದ್ರ ಹೋದಮೇಲೆ ಹುಟ್ಟಿದ ಹುಡುಗಿ. ಬಂದು ನೋಡಿದಳು. "ಬಣ್ಣ ಚೆಂದ ಬಂದದೆ ಮಾದೇವಕ್ಕ. ಆದ್ರೆ ದೋಣಿ ತಿರುಗಿ ನಿಂತದಲ್ಲ? ಮೂಲದಲ್ಲಿ ತೆರೆಗೆ ಅಡ್ಡ ಅದೆ ನೋಡಿ."

"ಅಡ್ಡ ನಿಂತ್ರೆ ಮಗಚ್ತದೆ ತಂಗಿ. ದೊಡ್ಡ ತೆರೆ ಬಂದಾಗ ದೋಣಿ ಮೂತಿ ಅದ್ಕೇ ಕೊಡ್ಬೇಕು."

"ಇರ್ಬಹುದು. ಆದ್ರೆ ನಕಲು ಅಂದ್ಮೇಲೆ ನಕಲೇ ಅಲ್ವಾ? ಇದ್ದ ಹಾಂಗೇ ಬರೀರಿ," ಎಂದು ಇಂಚರಾ ಮೆತ್ತಗೇ ಹೇಳಿ ಮುಂದಿನವರ ಬಳಿ ಹೋದಳು.

ಮಾದೇವಿಯ ಗಂಡ ಹದಿನೆಂಟು ವರ್ಷ ದೋಣಿ ನಡೆಸಿದವನು. ಒಂದೇ ಒಂದು ಸಲ ಅಡ್ಡ ಬಿಟ್ಟಿದ್ದ.

ಅವಳು ಕುಂಚ ಕೆಳಗಿಟ್ಟಳು. ಬಣ್ಣ ಇನ್ನೂ ಹಸಿಯಿತ್ತು. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ದೋಣಿಯಲ್ಲಿದ್ದ ಮನುಷ್ಯನನ್ನು ಮೊದಲು ಒರೆಸಿ ಇಳಿಸಿಕೊಂಡಳು. ಆಮೇಲೆ, ಹೇಳಿದ ಹಾಗೆ, ದೋಣಿಯನ್ನು ಅಡ್ಡ ತಿರುಗಿಸಿದಳು.