ಮೂರೇ ಮೂರು ವರ್ಷ

ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಅಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜೇಬಿನ ಹಸಿರು ಪೆನ್ನನ್ನು ತೆಗೆಯುವುದು, ಮತ್ತೆ ಸಿಕ್ಕಿಸುವುದು. ಪಕ್ಕದಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು.

“ಗ್ರಾಮೀಣ ಕೋಟಾ ಸಿಗಲ್ಲ ಸಾರ್,” ಎಂದರು ಅಧಿಕಾರಿ. “ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿರಬೇಕು. ನಿಮ್ಮ ಮಗಳು ಹೈಸ್ಕೂಲು ಓದಿರೋದು ಸಿಟಿಯಲ್ಲಿ.”

“ಮೂರೇ ಮೂರು ವರ್ಷ ಸಾರ್! ಕೋಟಾ ಇಲ್ದಿದ್ರೆ ಇವಳಿಗೆ ಮೆಡಿಕಲ್ ಸೀಟೇ ತಪ್ಪೋಗುತ್ತೆ.”

“ನಿಮ್ಮೂರಲ್ಲೇ ಸರ್ಕಾರಿ ಹೈಸ್ಕೂಲಿತ್ತಲ್ಲ, ಅಲ್ಲಿಗ್ಯಾಕೆ ಹಾಕಲಿಲ್ಲ?”

“ಅಯ್ಯೋ, ಅಲ್ಲಿ ಪಾಠ ಎಲ್ಲಿ ಸಾರ್ ನಡೆಯುತ್ತೆ? ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನ ಹಾಳುಬಾವಿಗೆ ತಳ್ಳೋಕಾಗುತ್ತಾ?”

ಅಧಿಕಾರಿ ಫೈಲು ಮಡಚಿಕೊಟ್ಟು, ಸಾಲಿನಲ್ಲಿ ಹಿಂದಿದ್ದ ಹುಡುಗಿಯನ್ನು ಕರೆದರು. ಅವಳದೂ ಅದೇ ಊರು. ಓದಿದ್ದು ಅದೇ ಸರ್ಕಾರಿ ಹೈಸ್ಕೂಲಿನಲ್ಲಿ. ರ‍್ಯಾಂಕು ಮಾತ್ರ ಇವರ ಮಗಳಿಗಿಂತ ಎಷ್ಟೋ ಹಿಂದೆ.

“ನಿಂಗೆ ಕೋಟಾ ಸಿಗುತ್ತಮ್ಮ. ಆದ್ರೆ ವ್ಯಾಸಂಗ ಪ್ರಮಾಣಪತ್ರದಲ್ಲಿ ಹೆಡ್‌ಮಾಸ್ಟ್ರ ಸಹಿ ಒಂದು ಕಡೆ ಬಿಟ್ಟೋಗಿದೆ. ಊರಿಗೆ ಹೋಗಿ ಹಾಕಿಸ್ಕೊಂಡು ಬಾ.”

ಹುಡುಗಿಯ ಮುಖ ಅರಳಿತು.

“ಊರಿಗ್ಯಾಕೆ ಸಾರ್? ಹೆಡ್‌ಮಾಸ್ಟ್ರು ಇಲ್ಲೇ ನಿಂತಿದಾರಲ್ಲ, ಇವಳ ಅಪ್ಪ!”