ವಕೀಲರ ಬಿಟ್ಟಿ ಸಿನಿಮಾ

"ನೀವೇ ಎಲ್ಲೋ ಬಾಯಿ ಬಿಟ್ಟಿರ್ತೀರಿ. ನಮ್ಮ ಆಫೀಸಿಂದ ಒಂದು ಚೀಟಿನೂ ಹೊರಗೆ ಹೋಗಲ್ಲ!" ವಕೀಲ ಮೇಜು ಕುಟ್ಟಿದ ರಭಸಕ್ಕೆ ಎದುರಿಗೆ ಕೂತಿದ್ದ ಹೆಂಗಸು ಬೆಚ್ಚಿಬಿದ್ದಳು. ಗಂಡನ ಏಟು ತಾಳಲಾರದೆ ಮನೆ ಬಿಟ್ಟವಳ ಹೊಸ ವಿಳಾಸ ಇದ್ದದ್ದು ಈ ವಕೀಲ ಬರೆದ, ಇನ್ನೂ ಕೋರ್ಟಿಗೆ ಸಲ್ಲಿಸದ ಅರ್ಜಿಯಲ್ಲಿ ಮಾತ್ರ. ಬೆಳಿಗ್ಗೆ ಗಂಡ ಅದೇ ಅರ್ಜಿಯನ್ನು ಮೊಬೈಲಿನಲ್ಲಿ ಹಿಡಿದು ಅವಳ ಬಾಗಿಲು ಬಡಿದಿದ್ದ.

"ಇಂಟರ್‌ನೆಟ್ಟಲ್ಲಿ ಸಿಕ್ತು ಅಂದ, ಸಾರ್," ಎಂದಳು.

ಪಕ್ಕದ ಕುರ್ಚಿಯಲ್ಲಿದ್ದ ವಕೀಲನ ತಂಗಿ, ಅವಳೂ ವಕೀಲೆಯೇ, ಅಣ್ಣನ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಅದರಲ್ಲೊಂದು ಕದ್ದ ಸಿನಿಮಾ ಡೌನ್‌ಲೋಡ್ ಆಗಿ ಇಳಿಯುತ್ತಿತ್ತು. ಊರಿಗೆಲ್ಲ ಕಾನೂನು ಬೋಧಿಸುವ ಮಹಾಶಯನಿಗೆ ಟಿಕೆಟ್ಟಿಗೆ ಕೈ ಬಿಚ್ಚಲು ಮನಸ್ಸಿಲ್ಲ. ಬಿಟ್ಟಿ ಸಿನಿಮಾ ಕೊಡುವ ಆ ಸಾಫ್ಟ್‌ವೇರು, ಬದಲಿಗೆ ನಿನ್ನ ಯಾವ ಫೋಲ್ಡರನ್ನು ಬೇರೆಯವರಿಗೆ ಹಂಚಲಿ ಎಂದು ಕೇಳಿದಾಗ ಅದನ್ನು ಓದುವ ತಾಳ್ಮೆಯೂ ಇರಲಿಲ್ಲ. ಇಡೀ ಆಫೀಸಿನ ಫೋಲ್ಡರನ್ನೇ ಧಾರೆ ಎರೆದು ಕೊಟ್ಟಿದ್ದ. ಸಿನಿಮಾದ ಹೆಸರಿನ ಕೆಳಗೆ ಕಕ್ಷಿದಾರರ ಅರ್ಜಿಗಳು ಸಾಲುಗಟ್ಟಿ ಯಾರ್ಯಾರದೋ ಕಂಪ್ಯೂಟರಿಗೆ ಹೋಗುತ್ತಿದ್ದವು. ಈ ಹೆಂಗಸಿನದೂ ಹೋಗುತ್ತಿತ್ತು.

"ನೋಡಣ್ಣ, ನಿನ್ನ ಘನಕಾರ್ಯ," ಎಂದು ತಂಗಿ ಅದನ್ನು ನಿಲ್ಲಿಸಲು ಬೆರಳು ಚಾಚಿದಳು. ಅಣ್ಣನ ಮುಖ ಬಿಳಿಚಿಕೊಂಡಿತು. ಸದ್ಯ, ನಾಚಿಕೆಯಾದರೂ ಉಳಿದಿದೆಯಲ್ಲ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅವನು ಅವಳ ಕೈ ಹಿಡಿದು ತಡೆದ. ಅಳುತ್ತಿದ್ದ ಹೆಂಗಸಿಗೆ ಕೇಳಿಸದಂತೆ ಪಿಸುಗುಟ್ಟಿದ:

"ತಡಿಯೇ, ಇನ್ನೊಂದು ಚೂರು. ಸಿನಿಮಾ ಪೂರ್ತಿ ಇಳೀಲಿ."